ನಲವತ್ತು ಅಂದರೆ ನಲವತ್ತೇ

ಗುರುವಾರ ಬಂತೆಂದರೆ ಲಿವಿಯೋ ಗಡಿ ದಾಟಲೇಬೇಕು.
ಟ್ರಿಯೆಸ್ತೆಯ ಗುಡ್ಡ ಹತ್ತಿ ಸ್ಲೊವೇನಿಯಾಕ್ಕೆ,
ಲೀಟರಿಗೆ ಇಷ್ಟು ಚಿಲ್ಲರೆ ಉಳಿಯುತ್ತದಂತೆ.
ಹೋಗಿಬರುವಾಗ ಸುಟ್ಟದ್ದನ್ನು ಕಳೆದೆಯಾ ಅಂತ
ಮದುವೆಯ ಹೊಸತರಲ್ಲಿ ಒಮ್ಮೆ ಕೇಳಿದ್ದೆ.
ಎರಡು ದಿನ ಮಾತಿರಲಿಲ್ಲ.

ಬಂಕಿನಲ್ಲಿ ಅವನದೇ ಒಂದು ಮಡಿ.
ನಾಲ್ಕನೇ ಪಂಪೇ ಆಗಬೇಕು.
ಉಳಿದವು ಖಾಲಿ ಬಿದ್ದಿದ್ದರೂ ಅದರ ಹಿಂದೆಯೇ ಕಾಯಬೇಕು,
ಮುಂದಿನವನು ದುಡ್ಡು ಕೊಟ್ಟು, ಕಾಫಿ ಕುಡಿದು,
ಲಾಟರಿ ಚೀಟಿ ಕೆರೆದು, ಏನೂ ಬಾರದೆ, ಬರುವ ತನಕ.
ಆಮೇಲೆ ಕೊಳವೆ ಹಿಡಿದು, ಕಣ್ಣು ಅಂಕಿಗೆ ನೆಟ್ಟು,
ಮೂವತ್ತೊಂಬತ್ತು ಯೂರೋ ದಾಟಿತೋ, ಹನಿ, ಹನಿ, ಹನಿ,
ಕೂಸಿನ ಬಾಯಿಗೆ ಔಷಧಿ ಬಿಟ್ಟ ಹಾಗೆ.
ನಲವತ್ತು ಅಂದರೆ ನಲವತ್ತೇ.
ಮೇಲೊಂದು ಸೆಂಟು ಜಾರಿದರೆ ಆ ವಾರ ಕೆಟ್ಟಿತು.
ಗಲ್ಲೆಯ ದಾರಿಂಕಾ "ಬಿಡಿ ಅಜ್ಜಾ, ಒಂದು ಸೆಂಟು ತಾನೇ" ಅಂದರಂತೂ
ಇನ್ನೂ ಉರಿ. ಜೇಬು ಮಗುಚಿ ಹುಡುಕುತ್ತಾನೆ,
ಹಿಂದೆ ಆರು ಜನ.

ಈ ಗುರುವಾರ ಅವನ ಬಲಗೈ ಪಟ್ಟಿಯಲ್ಲಿ.
(ಅಂಜೂರದ ಮರ, ಏಣಿ. ಬೇಡ ಅಂದಿದ್ದೆ.)
ಮಾರ್ಕೆಟ್ಟಿಗೆ, ಚರ್ಚಿಗೆ ಕಾರು ಓಡಿಸಿದವಳೇ ನಾನು,
ತುಂಬಿಸುವುದು ಮಾತ್ರ ಅವನ ಖಾತೆ.

ತಪ್ಪು ಬದಿಗೆ ನಿಲ್ಲಿಸಿದೆ.
ಮುಳ್ಳಿನ ಪಕ್ಕ ಒಂದು ಸಣ್ಣ ಬಾಣ ಇದೆಯಂತೆ,
ಟ್ಯಾಂಕು ಯಾವ ಕಡೆ ಅಂತ ತೋರಿಸಲಿಕ್ಕೆ.
ಇದನ್ನು ಅವನು ಈಗ ಹೇಳುತ್ತಾನೆ.
ತಿರುಗಿಸಿ ಬರುವಷ್ಟರಲ್ಲಿ ನಾಲ್ಕಕ್ಕೆ ಜರ್ಮನ್ ವ್ಯಾನು ನುಗ್ಗಿತ್ತು.
ಒಂಬತ್ತಕ್ಕೆ ಹೋದೆ. ಪಕ್ಕದಿಂದ ನಿಟ್ಟುಸಿರು.
ಮುಚ್ಚಳ ಜಪ್ಪಯ್ಯ ಅನ್ನಲಿಲ್ಲ,
ತಿರುವಿದ ಕೈಗೇ ಗೊತ್ತು ಅದರ ಗುಟ್ಟು.
ಹಸಿರು ಹಿಡಿಯೋ, ಕರಿ ಹಿಡಿಯೋ?
ಮೂರು ಸಲ ಓದಿದೆ.
ಬೋರಾ ಗಾಳಿ, ಕೊಟ್ಟಿದ್ದ ಪ್ಲಾಸ್ಟಿಕ್ ಕೈಗವಸು
ಬೆರಳಿಗೇರುವ ಮೊದಲೇ ಕಿತ್ತುಕೊಂಡಿತು,
ನಮಗಿಂತ ಮುಂಚೆ ಅದು ಇಟಲಿ ಸೇರಿತು.

ಕೊಳವೆ ಟಕ್ ಅಂತ ನಿಲ್ಲುತ್ತದೆ. ಒತ್ತಿದರೆ ಮತ್ತೆ ಟಕ್.
ತುಂಬಿತೋ, ಮುನಿಯಿತೋ?
ಗಾಜಿನಾಚೆ ಲಿವಿಯೋ ಎಡಗೈ ಎತ್ತಿ
ನಾಲ್ಕು ಬೆರಳು, ಮುಷ್ಟಿ, ನಾಲ್ಕು ಬೆರಳು, ಮುಷ್ಟಿ.
ಮೂವತ್ತೇಳು ಅರವತ್ತೆರಡು.
ನನಗೆ ಚಳಿ. ತೆಗೆದು ತೂಗುಹಾಕಿದೆ.
ಕೊನೆಯ ಹನಿ ಬೂಟಿನ ಮೇಲೆ.

"ಯಾವ ಪಂಪು?" ದಾರಿಂಕಾ ಕೇಳಿದಳು.
ಬಾಯಿಗೆ ಬಂದದ್ದು ನಾಲ್ಕು.
"ತೊಂಬತ್ತೊಂದು ಯೂರೋ."
ಜರ್ಮನ್ನನ ಋಣ ಅರ್ಧ ತೀರಿಸಿಯೇ ಬಿಟ್ಟಿದ್ದೆ.

"ಬರಿ, ನಿವೆಸ್" ಅಂದ, ಮುಖ ಕಿಟಕಿಗೆ.
ಡ್ಯಾಶ್‌ಬೋರ್ಡಿನ ಗೂಡಲ್ಲಿ ಅವನ ನೋಟುಬುಕ್ಕು:
ತಾರೀಕು, ಕಿಲೋಮೀಟರು, ಲೀಟರು, ದುಡ್ಡು, ಷರಾ.
ಷರಾದ ಮನೆ ಪುಟ ಪುಟವೂ ಖಾಲಿ.
ದುಡ್ಡಿನ ಮನೆಯಲ್ಲಿ ಸೊನ್ನೆಗಳು ಮೊಟ್ಟೆಯಂತೆ ಸಾಲಾಗಿ.

ಸುಮ್ಮನೆ ಹಿಂದಕ್ಕೆ ತಿರುವುತ್ತಾ ಎಂಬತ್ತಾರಕ್ಕೆ ಬಂದೆ,
ಒರ್ನೆಲ್ಲಾ ಹುಟ್ಟಿದ ದಿನಕ್ಕೆ.
ಅವನು ಆಸ್ಪತ್ರೆ ಮುಟ್ಟುವಾಗ ಮಗು ಅತ್ತು ಮಲಗಿಯಾಗಿತ್ತು.
"ಬಂಕಿನಲ್ಲಿ ಸಾಲಿತ್ತು" ಅಂದಿದ್ದ.
ಯಾವ ಸಾಲು, ಬಾರಿನ ಸಾಲು, ಅಂದಿದ್ದಳು ಅಮ್ಮ.
ನಾನೂ ಹಾಗೇ ಅಂದುಕೊಂಡು ಬಂದೆ, ಇಷ್ಟು ವರ್ಷ.

ಹದಿನೆಂಟು ಲೀಟರು.
ದಿನಾರಿನಲ್ಲೊಂದು ಅಡ್ಡಾದಿಡ್ಡಿ ಅಂಕಿ, ಒಂದೂ ಸೊನ್ನೆಯಿಲ್ಲ.
ಷರಾ: ಸಾಲಿನಲ್ಲಿ ಎರಡು ಗಂಟೆ.

ಪುಟ ಮುಂದಕ್ಕೆ ತಿರುಗಿಸಿ ಬರೆದೆ: ೩೭.೬೨.
ಷರಾ: ಗಾಳಿ.
"ಏನು ಬರೆದೆ?"
"ಗಾಳಿ."
ಸ್ವಲ್ಪ ಯೋಚಿಸಿದ. "ಇತ್ತು" ಅಂದ.

ಗಡಿಯಲ್ಲಿ ಯಾರೂ ಕೈ ಅಡ್ಡ ಹಿಡಿಯಲಿಲ್ಲ.
ರಾತ್ರಿ ಹುರುಳಿಕಾಯಿ ಬೀಜದ ಸಾರಿಗೆ
ನನ್ನ ಕೈಯ ಪೆಟ್ರೋಲು ವಾಸನೆ ಹತ್ತಿದೆ ಅಂತ ಗೊಣಗಿದ.
ಎರಡು ಸಲ ಬಡಿಸಿಕೊಂಡ, ಎಡಗೈಯಲ್ಲಿ, ಮೇಜೆಲ್ಲ ಚೆಲ್ಲಿ.