ಕೆಂಪು ರಟ್ಟು

ನನ್ನ ಪಾಲಿಗೆ ಬಂದದ್ದು ಮೂರು ರಟ್ಟು:
ಹಸಿರು, ಇನ್ನೈದು ನಿಮಿಷ;
ಹಳದಿ, ಒಂದು;
ಕೆಂಪು, ಸಾಕು, ಇಳಿಯಿರಿ.
ಮೊದಲ ಸಾಲಿನ ತುದಿಯ ಕುರ್ಚಿ, ಕೊರಳಲ್ಲಿ ಹೆಸರುಪಟ್ಟಿ:
ಕೆರ್ತು ವಾಹಾರು, ಸ್ವಯಂಸೇವಕಿ.
ಸಂಬಳವಿಲ್ಲ, ಮಧ್ಯಾಹ್ನದ ಊಟದ ಚೀಟಿ ಉಂಟು.

ತಾರ್ತುವಿನಲ್ಲಿ ನವೆಂಬರ್. ಮೂರೂವರೆಗೇ ಕತ್ತಲು ಬಂದು
ಕಿಟಕಿಗೆ ಹಣೆ ಒತ್ತಿ ನಿಂತಿತ್ತು.
ಮನಸ್ಸನ್ನು ಬಲ್ಲವರು ಇನ್ನೂರು ಮಂದಿ
ಹದಿನೆಂಟು ದೇಶಗಳಿಂದ ಬಂದು
ಒಂದೇ ಕಾಫಿ ಯಂತ್ರದ ಮುಂದೆ ಸಾಲುಗಟ್ಟಿದ್ದರು.
ಏಡಿಗೆ ನೋವುಂಟೇ ಎಂದು ಬೆಳಿಗ್ಗೆ ಒಬ್ಬರು,
ನಮಗಾದರೂ ಉಂಟೇ ಎಂದು ಇನ್ನೊಬ್ಬರು.
ನಡುವೆ ಬಡಿಸಿದ್ದು ಕಪ್ಪು ರೊಟ್ಟಿಯ ಮೇಲೆ ಸಣ್ಣ ಮೀನು;
ಅದರ ಬಗ್ಗೆ ಯಾರೂ ಪ್ರಶ್ನೆ ಎತ್ತಲಿಲ್ಲ.

ನಾಲ್ಕಕ್ಕೆ ಇಲ್ಮಾರ್ ಸಾರೆಪು ಎದ್ದರು.
ಎಪ್ಪತ್ತಾರು ವರ್ಷ, ಮೊಣಕೈಗೆ ತೇಪೆ ಹಾಕಿದ ಕೋಟು.
ವಿಷಯ: ‘ಈಗ’ ಎಂಬುದರ ಉದ್ದ ಎಷ್ಟು?
ಹೆಚ್ಚೆಂದರೆ ಮೂರು ಸೆಕೆಂಡು, ಅಂದರು.
ಒಂದು ಕೈಕುಲುಕು, ಒಂದು ನಿಟ್ಟುಸಿರು,
ಜೋಗುಳದ ಒಂದು ಸಾಲು.
ಹಿಂದಿನದೆಲ್ಲ ನೆನಪಿನ ಖಾತೆಗೆ,
ಮುಂದಿನದು ಬರೀ ಕಾಯುವಿಕೆ.
“ನಡುವಿನ ಈ ಹೊಸ್ತಿಲ ಮೇಲೆ ನಾವೆಲ್ಲ
ಒತ್ತೊತ್ತಾಗಿ ನಿಂತಿದ್ದೇವೆ, ಆದ್ದರಿಂದಲೇ...”

ಆದ್ದರಿಂದಲೇ.
ಮಾತು ಅಲ್ಲಿಗೇ ನಿಂತಿತು.

ಮೂರು ಸೆಕೆಂಡು. ಜನ ನಕ್ಕರು: ಭಲೇ, ಪ್ರಾತ್ಯಕ್ಷಿಕೆ!
ಒಂಬತ್ತು. ಪ್ರೊಜೆಕ್ಟರಿನ ಫ್ಯಾನಿಗೆ ಇದ್ದಕ್ಕಿದ್ದಂತೆ ದನಿ ಬಂತು.
ಇಪ್ಪತ್ತು. ಪೋರ್ಟೊದ ಗ್ರಸಿಂಡ
ಫೋನಿನಲ್ಲಿ ಸಮಯ ನೋಡಿ ಗುರುತು ಹಾಕಿಕೊಂಡಳು.
ಅವರು ಪರದೆಯನ್ನು ನೋಡಿದರು, ನೀರಿನ ಲೋಟವನ್ನು,
ತಮ್ಮದೇ ಕೈಯನ್ನು,
ಯಾರೋ ಮೇಜಿನ ಮೇಲೆ ಮರೆತುಹೋದ ಕೈಗವಸಿನಂತೆ.
ಆಮೇಲೆ ನನ್ನನ್ನು.
ಮೂರು ವರ್ಷ ನನಗೆ ಪಾಠ ಹೇಳಿದ ಕಣ್ಣು
ನನ್ನ ಹೆಸರುಪಟ್ಟಿಯನ್ನು ಅಕ್ಷರ ಕೂಡಿಸಿ ಓದಿಕೊಂಡಿತು.

ತೊಡೆಯ ಮೇಲೆ ಕೆಂಪು ರಟ್ಟು. ಹೊತ್ತು ಮೀರಿತ್ತು.
ಎತ್ತಿದ್ದು ಹಸಿರು.
ಇನ್ನೈದು ನಿಮಿಷ, ಪ್ರೊಫೆಸರ್.
ಇಲ್ಲದ ಹೊತ್ತನ್ನು ಕಡ ಕೊಟ್ಟೆ,
ನನ್ನಪ್ಪನ ಗಂಟೇನು ಹೋಗಬೇಕು!
ಅವರು ಆ ಬಣ್ಣವನ್ನೇ ನೋಡಿದರು,
ರಸ್ತೆಯಂಚಿನಲ್ಲಿ ಬಹಳ ಹೊತ್ತು ಕಾದು ನಿಂತವರ ಹಾಗೆ,
ಮತ್ತೆ ದಾಟಿದರು:
“ಆದ್ದರಿಂದಲೇ ಸಭೆಗಳಲ್ಲಿ ಕಾಫಿ ಬೇಕು.”
ಚಪ್ಪಾಳೆ.

ಪ್ರಶ್ನೋತ್ತರ. ಮೊದಲನೆಯವರದು ಪ್ರಶ್ನೆಯಲ್ಲವಂತೆ, ಸಣ್ಣ ಟಿಪ್ಪಣಿಯಂತೆ.
ಏಳು ನಿಮಿಷ ನಡೆಯಿತು; ಅದಕ್ಕೆ ನನ್ನ ಬಳಿ ರಟ್ಟಿರಲಿಲ್ಲ.
ಆಮೇಲೆ ಗ್ರಸಿಂಡ:
“ಆ ಮೌನ ಗಡಿಯಾರಕ್ಕೆ ನಲವತ್ತೊಂದು ಸೆಕೆಂಡು,
ನನಗೆ ಐದು ನಿಮಿಷ. ತಮಗೆಷ್ಟು?”
“ಆಗ ನಾನು ಇರಲಿಲ್ಲ,” ಅಂದರು.
ಸಭೆ ಬಿದ್ದು ಬಿದ್ದು ನಕ್ಕಿತು. ಇಬ್ಬರು ಬರೆದುಕೊಂಡರು.
ನಾನು ಕೂತಲ್ಲಿಂದ
ಮೈಕು ಹಿಡಿದ ಹೆಬ್ಬೆರಳು ಕಾಣುತ್ತಿತ್ತು.

ಕೋಟುಗಳ ಕೋಣೆಯಲ್ಲಿ ಬಿಲ್ಲೆ ಕೊಟ್ಟರು, ಅರವತ್ತೆರಡು.
ಅರವತ್ತೆರಡು, ಎಂದು ತಮಗೆ ತಾವೇ ಇನ್ನೊಮ್ಮೆ.
ತೋಳು ತೂರಿಸಲು ಕೋಟು ಹಿಡಿದೆ.
ಜೇಬಿನಿಂದ ದಾರದಲ್ಲಿ ಜೋತುಬಿದ್ದಿತ್ತು
ಬೆಳಕು ಬಿದ್ದರೆ ಮಿನುಗುವ ಪ್ಲಾಸ್ಟಿಕ್ ಮೀನು;
ಕತ್ತಲಲ್ಲಿ ನಡೆಯುವವರಿಗೆ ನಮ್ಮಲ್ಲಿ ಅದು ಕಾನೂನು.
“ನೀನು ಲೆಕ್ಕದಲ್ಲಿ ಬಹಳ ಕಚ್ಚಾ,” ಅಂದರು.
ಹೌದು, ಅಂದೆ.

ಸೇತುವೆಯ ಮೇಲೆ ಅವರೊಬ್ಬರೇ.
ಕೆಳಗೆ ನಮ್ಮ ಹೊಳೆ; ಅದರ ಹೆಸರೇ ತಾಯಿಹೊಳೆ.
ಕಾರು ಬಂದಾಗ ಮೀನು ಹೊಳೆಯಿತು: ಈಗ.
ಹೋಯಿತು.
ಬಹಳ ಹೊತ್ತು ಏನೂ ಇಲ್ಲ.
ಇನ್ನೊಂದು ಕಾರು. ಈಗ. ತುಸು ಆಚೆ.
ಮೆಟ್ಟಿಲ ಮೇಲೆ ನಿಂತು ಎಣಿಸಿದೆ.
ನಾಳೆ ಒಂಬತ್ತಕ್ಕೆ ಏಡಿಯವರ ಎರಡನೆಯ ಭಾಗ.
ಮೂರೂ ರಟ್ಟು ಚೀಲದಲ್ಲಿವೆಯೇ ನೋಡಿಕೊಳ್ಳಬೇಕು.