ಗಣತಿ ಬ್ಲಾಕ್ ನಲವತ್ತೇಳು

ಮೊದಲು ನಕ್ಷೆ ಬರೆಯಬೇಕು ಅಂದಿದ್ದರು ತರಬೇತಿಯಲ್ಲಿ.
ಹಾಳೆಯ ನೆತ್ತಿಗೊಂದು ಬಾಣ, ಅದು ಉತ್ತರ.
ದಾವಣಗೆರೆಯ ಹೊಗೆಕೇರಿಯ ತಿರುವಿನಲ್ಲಿ
ರಟ್ಟು ಎದೆಗೊತ್ತಿ ನಿಂತು ಕೇಳಿದೆ:
ಉತ್ತರ ಯಾವ ಕಡೆ?
ಮರಳು ಜರಡಿ ಹಿಡಿದಿದ್ದ ಮರ್ದಾನಬಿ ತಲೆಯೆತ್ತಲಿಲ್ಲ.
"ಮಳೆಗಾಲದಾಗ ಹೊಗಿ ಹೋಗ್ತೈತಲ್ರೀ ಮೇಡಂ, ಅದೊಂದು ದಿಕ್ಕು.
ಚಳಿಗಾಲದಾಗ ತಿರುಗಿ ನಮ್ಮನಿಗೇ ಬರ್ತೈತಿ, ಅದೊಂದು.
ಮಿಕ್ಕಿದ್ದು ನಮಗ್ಯಾಕ?"

ಹಾಗಾಗಿ ನನ್ನ ಬಾಣ ಸ್ವಲ್ಪ ವಾಲಿದೆ.

ಪಡುವಲಿಗೆ ರೈಲು ಹಳಿ, ದಾಟುವ ಹಾಗಿಲ್ಲ, ಎಲ್ಲರೂ ದಾಟುತ್ತಾರೆ.
ಮೂಡಲಿಗೆ ಮಿಲ್ಲಿನ ಗೋಡೆ, ಒಳಗೆ ಮಿಲ್ಲಿಲ್ಲ.
ನಡುವೆ ಎಂಬತ್ತೊಂದು ಮಂಡಕ್ಕಿ ಭಟ್ಟಿ,
ಒಂದೊಂದಕ್ಕೂ ಸೊಟ್ಟಗಿನ ತಗಡು ಕೊಳವೆ.
ನೆಲ: ಸಿಮೆಂಟು. ಮಾಡು: ಶೀಟು. ಗೋಡೆ: ಇಟ್ಟಿಗೆ.
ಇಟ್ಟಿಗೆಯ ಮೇಲೆ ಬೆರಳೆಳೆದರೆ ಬೆರಳಿಗೆ ಹತ್ತುವುದು ಬೇರೆ,
ಅದಕ್ಕೆ ಕಾಲಂ ಇಲ್ಲ.

ಚರಿತ್ರೆಗೂ ಇಲ್ಲ. ಆದರೂ ಹೇಳುತ್ತಾರೆ,
ಪೆನ್ನು ಹಿಡಿದವರು ಬಂದರೆ ಸಾಕು.
ಇದು ಜೌಗು ನೆಲ, ಆಪು ಬೆಳೆದಿತ್ತು.
ಭದ್ರಾ ನಾಲೆಗೆ ನೀರು ಬಿಟ್ಟ ಮೇಲೆ ಭತ್ತ ಬಂತು,
ಭತ್ತದ ಹಿಂದೆ ಬಾಣಲೆ,
ಬಾಣಲೆಯ ಹಿಂದೆ ಹರಪನಹಳ್ಳಿ ಕಡೆಯ ನಾಲ್ಕು ಮನೆತನ
ಮತ್ತು ಒಂದು ಕುರುಡೆತ್ತು.
ಮನೆತನ ನಾಲ್ಕೋ ಐದೋ ಅಂತ ಜಗಳವಿದೆ.
ಎತ್ತಿನ ಹೆಸರು ಕೆಂದ, ಅದರಲ್ಲಿ ತಕರಾರಿಲ್ಲ.

ಮನೆ ಸಂಖ್ಯೆ ಇಪ್ಪತ್ತಮೂರು. ಸೋಮ್ಲಿಬಾಯಿ.
ಮಾತೃಭಾಷೆ ಲಂಬಾಣಿ. ಗೂಡಿನ ಮಾಲಕರೊಂದಿಗೆ ಉರ್ದು,
ತೂಕದಂಗಡಿಯಲ್ಲಿ ಕನ್ನಡ,
ಕೋಳಿ ಅಟ್ಟುವಾಗ ಮಾತ್ರ ತೆಲುಗು,
ಪಕ್ಕದ ಮನೆಯಿಂದ ಕಡ ತಂದದ್ದು.

ಪಕ್ಕದ ಮನೆ: ಪದ್ಮಸಾಲಿ ಸಾಯಣ್ಣ,
ಇಪ್ಪತ್ತಾರು ವರ್ಷ ಮಿಲ್ಲಿನ ನೂಲು ಖಾತೆ.
ಮಿಲ್ಲಿನ ಕೂಗು ನಿಂತು ಎಷ್ಟೋ ಕಾಲವಾಯಿತು, ಇವರು
ಈಗಲೂ ಮೂರನೇ ಪಾಳಿಗೆ ಎದ್ದು
ಬಾಗಿಲ ತನಕ ಹೋಗಿ, ಚಪ್ಪಲಿ ನೋಡಿ, ವಾಪಸು ಬರುತ್ತಾರೆ.
ಆ ಬಾಗಿಲು ಬಡಿಯದಂತೆ ಆನಿಸಿದ್ದು ಹಿತ್ತಾಳೆಯ ಫಲಕ,
ಗುಜರಿಗೆ ಹೋಗುವ ಮುನ್ನ ಯಂತ್ರದಿಂದ ಬಿಚ್ಚಿಕೊಂಡದ್ದು.
"ಏನ್ ಬರ್ದೈತಿ ನೋಡ್ರಿ."
ಹುಣಸೆಹಣ್ಣು ಹಾಕಿ ಉಜ್ಜಿದೆವು. ಮುಲೂಸ್.
ಫ್ರಾನ್ಸಿನ ಊರಿರಬೇಕು ಅಂದೆ.
"ಅಲ್ಲೂ ಮಿಲ್ ಅದಾವಾ?"
ಇದ್ದವು ಅಂತ ಕಾಣುತ್ತದೆ.
"ಮುಚ್ಚಿದ್ರಾ?"
ಗೊತ್ತಿಲ್ಲ.
"ಮಿಲ್ ಇತ್ತಂದ್ರ ಗೋಡಿ ಮಗ್ಗಲಿಗೆ ಒಂದು ಕೇರಿನೂ ಇರ್ತೈತಿ.
ಏನು ಮಾತಾಡ್ತಾರ ಅಲ್ಲಿ?"
ಫ್ರೆಂಚು.
ಸಾಯಣ್ಣ ಸುಮ್ಮನಿದ್ದರು. ಕಿವಿಯನ್ನು ಒಂದು ಸಲ ತಿಕ್ಕಿಕೊಂಡರು.
"ಹಂಗಾದ್ರ ಇಪ್ಪತ್ತಾರು ವರ್ಷ ಈ ಕಿವಿಗೆ ಬಿದ್ದಿದ್ದು ಅದೇ.
ಸಿಟ್ಟು ಬಂದ್ರ ಗೊತ್ತಾಗ್ತಿತ್ತು ನನಗ, ಎಣ್ಣಿ ಬೇಕಂದ್ರ ಗೊತ್ತಾಗ್ತಿತ್ತು.
ಬರಕೊಳ್ರಿ: ತಿಳಿದ ಇತರ ಭಾಷೆ."

ಪೆನ್ಸಿಲ್ಲಿನಲ್ಲಿ ಬರೆದೆ.
ಮೇಲ್ವಿಚಾರಕರು ಅಳಿಸಿದರೆ ಅವರ ಇಷ್ಟ.

ಕಡೆಯ ರಾತ್ರಿ ಮನೆಯಿಲ್ಲದವರ ಎಣಿಕೆ.
ಟಾರ್ಚು ಹಿಡಿದು ಎರಡು ಗಂಟೆಗೆ ಬಂದರೆ
ಇಡೀ ಕೇರಿ ಎದ್ದು ಕೂತಿದೆ. ಎಂಬತ್ತೊಂದು ಬಾಯಿ ಬೆಂಕಿ.
ಉಪ್ಪುನೀರಲ್ಲಿ ನೆಂದ ಅಕ್ಕಿ ಕಾದ ಮರಳಿಗೆ ಬೀಳುತ್ತದೆ,
ಒಂದೇ ಉಸಿರಿಗೆ ಬೆಳ್ಳಗೆ.
ಹೊಟ್ಟಿನ ರಾಶಿಯ ಮೇಲೊಬ್ಬ ಮುದುರಿ ಮಲಗಿದ್ದ.
ಎಬ್ಬಿಸಿದೆ. ಮನೆ ಇಲ್ಲವೇನೋ?
"ಐತಿ ಮಿಸ್. ಒಳಗ ಸೆಕಿ."
ಏಳನೇ ಕ್ಲಾಸಿನ ಇಮ್ತಿಯಾಜ್,
ಮೊದಲ ಪಿರಿಯಡ್ಡಿನಲ್ಲಿ ದಿನಾ ತೂಕಡಿಸುವವನು.
ಮೊನ್ನೆಯಷ್ಟೇ ಹೊರಗೆ ನಿಲ್ಲಿಸಿದ್ದೆ.

ಕಣ್ಣುಜ್ಜಿಕೊಂಡು ಜರಡಿಯ ಕಡೆ ಓಡಿದ,
ಬೊಗಸೆ ತುಂಬ ಬಿಸಿ ಮಂಡಕ್ಕಿ ತಂದು ನೀಡಿದ.
ಟಾರ್ಚು ಎಲ್ಲಿಡಲಿ ಅಂತ ನೋಡಿದೆ.