ಎರಡನೇ ಕುರ್ಚಿ

ಇಬ್ಬರೊಳಗ ಒಬ್ಬರಷ್ಟ ನಿಂದ್ರಬೇಕು, ಅದು ನಿಯಮ.
ಅಂಗಡಿ ಸರ್ ಆಟ ಸುರು ಆಗೂ ಮೊದಲ ಎದ್ದಿರ್ತಾರ.
ಹಿಂಗಾಗಿ ಮೆಹರವಾಡೆ ಮಿಸ್
ಎರಡನೇ ಕುರ್ಚಿ ಮ್ಯಾಲ,
ಎರಡೂ ಅಂಗೈ ತೊಡಿ ಕೆಳಗ ಒತ್ತಿಟ್ಕೊಂಡು,
ಬಿಟ್ರ ಎಲ್ಲೆ ಹಾರಿ ಹೋದಾವು ಅನ್ನೂಹಂಗ.

ಬಾಜೂಕ ನಾನು, ಹನ್ನೆರಡನೇದಕಿ.
ನೀರಿನ ಬಾಟ್ಲಿ, ಟಾವೆಲ್ಲು, ಯಾರದೋ ಕಿವಿವಾಲಿ
ನನ್ನ ಉಡಿಯೊಳಗ.

ಸರ್ ಕಬಡ್ಡಿ ಆಡಿದವರು. ಛಲೋ ಮನಷ್ಯಾ.
"ಹಿಡೀರಿ ಆಕಿನ್ನ!" ಅಂತ ಒದರ್ತಾರ.
ಹಿಡಿದ್ರ ಇಲ್ಲೆ ಫೌಲು.
ಡಿಪ್ಲೊಮಾ ಇರೂದು ಅವರ ಹತ್ರ.
ಮಿಸ್ ಹತ್ರ ಒಂದು ನೀಲಿ ಕೋಟು, ಎದಿ ಮ್ಯಾಲ ದೇಶದ ಹೆಸರು,
ಬೆಟಗೇರಿ ಮನಿ ಟ್ರಂಕಿನ್ಯಾಗ, ನುಸಿಗುಳಿಗಿ ವಾಸನಿ.
ಅರ್ಜಿಯೊಳಗ ಅನುಭವ ಅನ್ನೂ ಖಾನೆದಾಗ
ಕ್ಲಾರ್ಕ್ ಸಿದ್ನೇಕೊಪ್ಪ ಬರದಿದ್ದ: ಇಲ್ಲ.
ಆಡಿದ್ದು ಅನುಭವ ಅಲ್ಲಂತ, ಕಲಿಸಿದ್ದಷ್ಟ ಅನುಭವ ಅಂತ.
ತಿಂಗಳಿಗೆ ಒಂಬತ್ತು ಸಾವಿರ,
ಅದೂ ಹತ್ತ ತಿಂಗಳು.

ಬ್ಯಾಂಕಾಕಿನ ಮಾತು ಒಮ್ಮೆ ಕೇಳಿದ್ದೆ.
"ಆರ ನಿಮಿಷ ಆಡಿದೆ" ಅಂದ್ರು.
"ಆ ಆರ ನಿಮಿಷಕ್ಕ ಹದಿನಾಲ್ಕು ವರ್ಷ ಓಡೀನಿ."
ಮತ್ತ ಬೂಟಿನ ಲಾಡಿ ಬಿಗೀಲಿಕ್ಕೆ ಬಗ್ಗಿದ್ರು,
ಲಾಡಿ ಬಿಗೀನ ಇತ್ತು.

ನಮ್ಮ ರಿಂಗಿಗೆ ಜಾಳಗಿ ಇರಲಿಲ್ಲ.
ಮಿಸ್ ಬಂದ ವರ್ಷ ನಿಚ್ಚಣಿಕಿ ಹತ್ತಿ
ನೈಲಾನ್ ದಾರದ್ದು ತಾವ ಹೆಣದು ಕಟ್ಟಿದ್ರು.
ಮಗ್ಗದ ಮನಿ ಬೆರಳು, ಗಂಟು ಎಲ್ಲೆಂತ ಹುಡುಕಬೇಕು.
"ಸಪ್ಪಳ ಬೇಕವ್ವಾ. ಬಿದ್ದದ್ದು ಕಿವಿಗೂ ಗೊತ್ತಾಗ್ಲಿ."

ಮಾತು ಕಡಿಮಿ ಅವರದು. ಆದ್ರ ಆಟ ನಡದಾಗ
ತುಟಿ ಅಲ್ಲಾಡ್ತಾವು, ದನಿ ನೂಲಿನಷ್ಟು ಸಣ್ಣದು:
ಎಡಕ್ಕ ಖಾಲಿ ಐತಿ... ತಡಿ... ತಡಿ... ಈಗ.
ಆ ಉದ್ದನಾಕಿ ದಣದಾಳ, ಮೆಲ್ಲಕ ಹೋಗು ಆಕಿ ಮುಂದ.
ಚೆಂಡ್ ನೋಡಬ್ಯಾಡ, ಕಣ್ಣ ನೋಡಬ್ಯಾಡ,
ಹೊಟ್ಟಿ ನೋಡು. ಹೊಟ್ಟಿ ಸುಳ್ಳು ಹೇಳೂದಿಲ್ಲ.
ಸರ್‌ಗೆ ಇದು ಕೇಳಂಗಿಲ್ಲ. ಆಡೂವರಿಗೆ ಕೇಳಂಗಿಲ್ಲ.
ಎರಡು ವರ್ಷದಾಗ ನಾ ಆಡಿದ್ದು ಹನ್ನೊಂದು ನಿಮಿಷ,
ಕೇಳಿದ್ದು ಪೂರಾ ಆಟ.

ಧಾರವಾಡದಾಗ ಸೆಮಿಫೈನಲ್.
ನಿರ್ಮಲಾ ಅಸುಂಡಿಗೆ ಐದನೇ ಫೌಲು, ಆಕಿ ಹಿಂದ ದಾಕ್ಷಾಯಣಿಗೆ,
ಒಬ್ಬಾಕಿ ಪಾದ ಉಳುಕಿ ಮಂಜುಗಡ್ಡಿ ಹಿಡಕೊಂಡು ಅಳಾಕತ್ತಿದ್ಲು.
ಎರಡು ಪಾಯಿಂಟ್ ಹಿಂದ, ನಲವತ್ತು ಸೆಕೆಂಡ್ ಮುಂದ.
ಸರ್ ಹೊರಳಿ ಬೆಂಚ್ ನೋಡಿದ್ರು,
ಬೆಂಚಿನ ಮ್ಯಾಲ ನಾ ಇದ್ದೆ.

ಒಳಗ ಹೋದ್ರ ಅಲ್ಲೆ ಆ ನೂಲಿಲ್ಲ.
ಎಲ್ಲಾರೂ ಒದರೂದ ಒದರೂದು.
ಹೊಟ್ಟಿ ನೋಡಿದೆ.
ತಡದೆ. ತಡದೆ.
ಎಡಕ್ಕ ಬಿಟ್ಟೆ ಚೆಂಡು, ನೋಡ್ಲಾರದ,
ಶಾಹೀನ್ ಅಲ್ಲೆ ಇದ್ಲು.
ಹಾಕಿದ್ಲು. ರಿಂಗಿನ ಮ್ಯಾಲ ಎರಡು ಸುತ್ತು ಹೊಡದು
ಚೆಂಡು ಹೊರಗ ಇಳೀತು,
ಸಪ್ಪಳಿಲ್ದ.

ಆಗ ಬೆಂಚಿನ ಕಡೆ ನೋಡಿದೆ:
ಇಬ್ಬರೂ ನಿಂತಿದ್ರು.
ರೆಫ್ರಿ ಕೈ ಮಾಡಿದ,
ಮಿಸ್ ಮೊದಲ ಕುಂತ್ರು.

ರಾತ್ರಿ ಟೆಂಪೊ. ಹುಬ್ಬಳ್ಳಿಯೊಳಗ ಗಿರ್ಮಿಟ್ ತಿಂದು ಎಲ್ಲಾರೂ ನಿದ್ದಿ.
ಸರ್ ಮುಂದಿನ ಸೀಟಿನ್ಯಾಗ ಗೊರಕಿ.
ಅಣ್ಣಿಗೇರಿ ದಾಟಿದ ಮ್ಯಾಲ ಮಿಸ್ ಕೇಳಿದ್ರು:
"ಆ ಎಡಕ್ಕ ಹೆಂಗ ನೋಡಿದಿ?"
ಸುಮ್ನ ಕಂಡತ್ರಿ ಅಂದೆ.
"ನಾ ಏನರ ಅಂತಿರ್ತೀನೇನು, ಕುಂತಾಗ?
ಯಾರೋ ಹಂಗ ಅಂದ್ರು."

ಅವರ ಅಂಗೈ ಮೊಣಕಾಲ ಮ್ಯಾಲ ಮಲಗಿದ್ದುವು,
ಕುರ್ಚಿ ಹೆಣಿಕಿ ಅಚ್ಚು ಇನ್ನೂ ಕೆಂಪಗಿತ್ತು.
ಹೌದಂದ್ರ ನಾಳೆಯಿಂದ ತುಟಿ ಹೊಲಕೊಂಡು ಕುಂತಾರು.
ನಂದು ಇನ್ನೊಂದು ವರ್ಷ ಐತಿ.

"ಇಲ್ರಿ ಮಿಸ್," ಅಂದೆ.
"ಏನೂ ಅನ್ನೂದಿಲ್ಲ ನೀವು."